ಒರೆ ಕೇಳದ ಗಿರಾಕಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನೆಲ್ಡಾ ಕೇಗಲ್‌ಳ ಹಸಿರು ಕಾರು ಅಂಗಡಿಯ ಮುಂದೆ ಬಂದು ನಿಂತಾಗ ಹಾಲಿಸ್ ಲೆಡ್‌ಬೆಟರನ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಕಾಫಿ ತುಳುಕಿ ಗಾಜಿನ ಕೌಂಟರಿನ ಮೇಲೆ ಚೆಲ್ಲಿತು. ಅರವತ್ತಮೂರು ವರ್ಷದ ಗಂಡಸು, ಇಪ್ಪತ್ತೆರಡು ವರ್ಷದಿಂದ ಇದೇ ಕೌಂಟರಿನ ಹಿಂದೆ ನಿಂತು ಬಂದೂಕು, ಪಿಸ್ತೂಲು ಮಾರಿದವನು, ಒಬ್ಬ ವಿಧವೆಯ ಕಾರು ಕಂಡು ಹೀಗೆ ನಡುಗುವುದೇ? ನಡುಗಲು ಕಾರಣವಿತ್ತು.

ನೆಲ್ಡಾಳ ಗಂಡ ಡಾಯ್ಲ್ ಹಾಲಿಸನ ಮೀನು ಹಿಡಿಯುವ ಜೊತೆಗಾರ. ನಲವತ್ತು ವರ್ಷದ ಸ್ನೇಹ. ಹೋದ ಮಾರ್ಚಿನಲ್ಲಿ ಒಂದು ಗುರುವಾರ ಆತ ಇದೇ ಅಂಗಡಿಗೆ ಬಂದು ಇದೇ ಹಾಲಿಸನ ಕೈಯಿಂದ ಒಂದು ಪಿಸ್ತೂಲು ಕೊಂಡುಹೋದ. ಶನಿವಾರ ಮಧ್ಯಾಹ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಹೆಣ ಸಿಕ್ಕಿತು. ಶುಚಿ ಮಾಡುವಾಗ ಕೈತಪ್ಪಿ ಹಾರಿತು ಎಂದು ಶೆರಿಫ್ ಬರೆದುಕೊಂಡ. ಪಾದ್ರಿ ಅದನ್ನೇ ಚರ್ಚಿನಲ್ಲಿ ಹೇಳಿದ. ಮಣ್ಣಾದ ಮೇಲೆ ಚಿಕನ್ ಕ್ಯಾಸರೋಲ್ ಪಾತ್ರೆ ಹೊತ್ತು ಬಂದ ಹೆಂಗಸರೆಲ್ಲ ಅದನ್ನೇ ಹೇಳಿದರು. ಟೆನೆಸಿಯ ಈ ಗುಡ್ಡಗಾಡಿನಲ್ಲಿ, ಈ ಸೀಡರ್ ಗ್ಯಾಪ್‌ನಲ್ಲಿ, ಇಂಥ ಸಾವಿಗೆ ಹೀಗೆ ಹೇಳುವುದೇ ಮರ್ಯಾದೆ. ಯಾರಿಗೂ ಕಷ್ಟವಾಗಬಾರದು ನೋಡಿ. ಎಲ್ಲರೂ ಒಂದೊಂದು ಸಲ ಹೇಳಿ ಕೈ ತೊಳೆದುಕೊಂಡರೆ ಮುಗಿಯಿತು.

ಹಾಲಿಸ್ ಕೂಡ ತಲೆಯಾಡಿಸಿದ್ದ. ಆದರೆ ಡಾಯ್ಲ್‌ನನ್ನು ಅವನಷ್ಟು ಬಲ್ಲವರು ಯಾರು? ಪಿಸ್ತೂಲಿನಲ್ಲಿ ಗುಂಡು ಕೂರುವ ಗೂಡಿಗೆ ಕಿರುಬೆರಳು ತೂರಿಸಿ, ಒಳಗೆ ಗುಂಡು ಉಳಿದಿಲ್ಲವೇ ಎಂದು ಎರಡೆರಡು ಸಲ ನೋಡದೆ ಒರೆಸುವ ಬಟ್ಟೆಯನ್ನೇ ಮುಟ್ಟದ ಮನುಷ್ಯ ಡಾಯ್ಲ್. ಅಂಥವನ ಕೈತಪ್ಪಿತಂತೆ! ಮಣ್ಣು ಮಾಡಿದ ದಿನದಿಂದ ಹಾಲಿಸ್ ನೆಲ್ಡಾಳ ಕಣ್ಣು ತಪ್ಪಿಸಿಕೊಂಡೇ ಓಡಾಡಿದ. ಚರ್ಚಿನಲ್ಲಿ ಅವಳು ಎಡಕ್ಕೆ ಕೂತರೆ ಇವನು ಬಲಕ್ಕೆ ಕೂರುತ್ತಿದ್ದ. ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ ಸೌದೆ ಸೀಳಿ ಜಗುಲಿಯ ಮೇಲೆ ಇಟ್ಟು ಬರುತ್ತಿದ್ದ. ಏಳು ತಿಂಗಳು ಹೀಗೇ ಕಳೆದಿತ್ತು.

ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ನೆಲ್ಡಾ ಒಳಗೆ ಬಂದಳು. ಅರವತ್ತಾರು ವರ್ಷ. ಸ್ಕೂಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಹಂಡೆ ಎತ್ತಿದ ಗಟ್ಟಿ ತೋಳಿನ ಹೆಂಗಸು, ಈಗ ಅವಳ ಕೋಟು ಎರಡು ಅಳತೆ ದೊಡ್ಡದಾಗಿ ಜೋತಾಡುತ್ತಿತ್ತು. ತೋಳಿನಲ್ಲಿ ಕಂದು ಬಣ್ಣದ ಕೈಚೀಲ.

"ಅರೆ, ಮಿಸ್ ನೆಲ್ಡಾ! ಯಾವ ಗಾಳಿ ಬೀಸ್ತು ಈ ಕಡೆ?" ಎಂದು ಅಂಗಡಿಯ ಯಜಮಾನ ಗಾರ್ಲಂಡ್ ಒಳಗಿನಿಂದ ಕೂಗಿದ. ಮದುವೆಯಾದ ಹಿರಿಯ ಹೆಂಗಸರನ್ನೂ ಇಲ್ಲಿ 'ಮಿಸ್' ಎನ್ನುವುದೇ ಗೌರವ. ದೊಡ್ಡ ಹೊಟ್ಟೆ, ದೊಡ್ಡ ಗಂಟಲು, ಮನಸ್ಸಿನಲ್ಲಿ ಕಲ್ಮಶವಿಲ್ಲ, ತಲೆಯಲ್ಲಿ ವಿವೇಕವೂ ಅಷ್ಟಕ್ಕಷ್ಟೆ. "ಆ ಚೀಲ ಕೊಡಿ ಇತ್ಲಾಗೆ, ಇಲ್ಲಿ ಇಡ್ತೀನಿ. ಭಾರ ಇದ್ದಂಗಿದೆ."

"ಇರ್ಲಿ ಬಿಡು ಗಾರ್ಲಂಡ್. ನಂದು ನನ್ ಹತ್ರಾನೇ ಇರ್ಲಿ," ಎಂದು ನೆಲ್ಡಾ ಚೀಲವನ್ನು ಕೌಂಟರಿನ ಮೇಲೆ ತನ್ನ ಎದೆಯ ಮುಂದೆಯೇ ಇಟ್ಟುಕೊಂಡಳು. ಗಾಜು ದಡ್ ಎಂದಿತು. ಬೈಬಲ್ ಇರಬೇಕು ಎಂದುಕೊಂಡ ಹಾಲಿಸ್. ಆಮೇಲೆ ಅವಳು ಅವನ ಕಡೆ ತಿರುಗಿದಳು. "ಹೇಗಿದ್ದೀಯ ಹಾಲಿಸ್?"

"ಇದೀನಿ. ನೀವು?"

"ನಾನೂ ಇದೀನಿ. ಒಂದು ಪಿಸ್ತೂಲು ಬೇಕಿತ್ತು. ಕೋಟಿನ ಒಳಗೆ ಮರೆಯಾಗಿ ಇಟ್ಕೊಂಡು ಓಡಾಡೋಂಥದ್ದು. ಪ್ಲಾಸ್ಟಿಕ್ ಬೇಡ. ಉಕ್ಕಿನ ಮೈದು ತೋರಿಸು."

'ಪ್ಲಾಸ್ಟಿಕ್ ಬೇಡ, ಉಕ್ಕಿನ ಮೈದು ತೋರಿಸು' ಎಂಬುದು ಡಾಯ್ಲ್‌ನ ಮಾತು, ಒಂದಕ್ಷರವೂ ಬಿಡದೆ ಅವನದೇ.

"ಒಳ್ಳೇ ಕೆಲಸ!" ಎಂದ ಗಾರ್ಲಂಡ್. "ಆ ಬೆಟ್ಟದ ಮೇಲೆ ಒಬ್ರೇ ಇರ್ತೀರಿ. ಕರಡಿ ಬಂದು ಕಸದ ಡಬ್ಬಿ ಮಗುಚ್ತಂತೆ, ಗೊತ್ತಿಲ್ಲದ ಗಾಡಿ ಬಂದು ನಿಂತಿತ್ತಂತೆ ಅಂತೆಲ್ಲ ಕೇಳ್ದೆ. ಹಾಲಿಸ್, ತೋರಿಸಪ್ಪ. ಬೇಟೆ ಕಾಲ ಶುರುವಾಗೋ ಮುಂಚೆ ಅಂಗಡಿ ಖಾಲಿ ಇರೋದು ಇವತ್ತೊಂದೇ ದಿನ."

ಹಾಲಿಸ್ ಬೀಗದ ಕೈಗಾಗಿ ಜೇಬು ತಡಕಾಡಿದ. ಇವಳು ಇದನ್ನು ಕರಡಿಗಾಗಿ ಕೊಳ್ಳುತ್ತಿದ್ದಾಳೋ, ತನಗಾಗಿಯೇ ಕೊಳ್ಳುತ್ತಿದ್ದಾಳೋ? ಅವನಿಗೆ ಬೇಕಿದ್ದದ್ದು ಈ ಒಂದೇ ಉತ್ತರ. ಕೇಳುವುದು ಹೇಗೆ? ನಲವತ್ತು ವರ್ಷದ ಪರಿಚಯದ ಹೆಂಗಸನ್ನು, ಗೆಳೆಯನ ಹೆಂಡತಿಯನ್ನು, 'ಸಾಯೋಕೆ ಕೊಳ್ತಿದೀರಾ' ಎಂದು ಕೇಳುವುದುಂಟೇ? ಮಾರುವುದಿಲ್ಲ ಎಂದರೆ ಇಲ್ಲಿಂದ ಹನ್ನೆರಡು ಮೈಲಿ ದೂರದಲ್ಲಿ ಇನ್ನೊಂದು ಅಂಗಡಿ ಇದೆ. ಅಲ್ಲಿಯವರಿಗೆ ಇವಳು ಯಾರೋ, ಡಾಯ್ಲ್ ಯಾರೋ.

ಈ ಕೆಲಸದಲ್ಲಿ ಎಲ್ಲೂ ಬರೆದಿಡದ ಒಂದು ಗುಟ್ಟಿದೆ. ಮೈಮೇಲೆ ಬಚ್ಚಿಟ್ಟುಕೊಂಡು ಓಡಾಡಲು ಪಿಸ್ತೂಲು ಕೊಳ್ಳುವವನು ಪಿಸ್ತೂಲಿಗಿಂತ ಹೆಚ್ಚಾಗಿ ಅದನ್ನಿಡುವ ಒರೆಯ ಬಗ್ಗೆ ತಲೆ ತಿನ್ನುತ್ತಾನೆ. ಚರ್ಮದ್ದು ವಾಸಿಯೋ, ಸೊಂಟಪಟ್ಟಿಯ ಒಳಗೋ ಹೊರಗೋ, ಕೂತರೆ ಪಕ್ಕೆಗೆ ಚುಚ್ಚುತ್ತದಾ, ಅಂಗಿಯ ಕೆಳಗೆ ಉಬ್ಬಿ ಕಾಣುತ್ತದಾ, ಬೆವರಿಗೆ ತುಕ್ಕು ಹಿಡಿಯುತ್ತದಾ. ಉಕ್ಕಿನದಾದರೆ ಇನ್ನೂ ಗೋಳು. ಭಾರ ಇರುವುದರಿಂದ ಹೊಡೆತ ಕೈಗೆ ಮೆತ್ತಗೆ ತಾಗುತ್ತದೆ, ಆದರೆ ಸಂಜೆಯ ಹೊತ್ತಿಗೆ ಸೊಂಟ ಕಿತ್ತು ಬರುತ್ತದೆ. ದಿನಾ ಹೊರುವವನು ಇದನ್ನೆಲ್ಲ ಕೇಳಿಯೇ ಕೇಳುತ್ತಾನೆ. ನಾಳೆ, ನಾಡಿದ್ದು, ಬರುವ ಬೇಸಿಗೆ ಎಂಬ ಚಿಂತೆ ಇರುವವನಿಗೆ ಮಾತ್ರ ಒರೆ ಬೇಕು.

ಕೇಳಲಿ, ದೇವರೇ, ಇವಳು ಒರೆ ಕೇಳಲಿ ಎಂದು ಮನಸ್ಸಿನಲ್ಲೇ ಹಲುಬುತ್ತ ಹಾಲಿಸ್ ಮೊದಲನೆಯದನ್ನು ಹೊರತೆಗೆದ. ಖಾಲಿ ಮಾಡಿ, ನಳಿಕೆಯ ಮೇಲಿನ ಸ್ಲೈಡು ಹಿಂದಕ್ಕೆಳೆದು, ಬರಿದಾದ ಗೂಡನ್ನು ಅವಳಿಗೆ ತೋರಿಸಿ ಬಟ್ಟೆಯ ಮೇಲೆ ಇಟ್ಟ.

"ಇದು ಅಲ್ಯೂಮಿನಿಯಂ ಮೈದು. ಲೋಹಾನೇ, ಆದ್ರೆ ಹಗುರ. ಹಿಡ್ದು ನೋಡಿ."

ನೆಲ್ಡಾ ಹಿಡಿದು ನೋಡಿದಳು. "ತೀರಾ ಹಗುರ. ಇನ್ನೊಂದು?"

"ಇದು ಪೂರ್ತಿ ಉಕ್ಕು. ಸ್ಲೈಡು ಗಟ್ಟಿ ಇದೆ. ಎಷ್ಟೋ ಹೆಂಗಸರಿಗೆ ಎಳೆಯೋಕೇ ಆಗಲ್ಲ. ಕೈನೋವು ಇದ್ರಂತೂ…" ಎಂದು ಹಾಲಿಸ್ ಆಸೆಯಿಂದ ಅವಳ ಮುಖ ನೋಡಿದ. ಆಗದಿದ್ದರೆ ಅದೇ ನೆಪ ಮಾಡಿ ವಾಪಸ್ಸು ಕಳಿಸಬಹುದು.

ನೆಲ್ಡಾ ಹಿಡಿಯನ್ನು ಬಲಗೈಯಲ್ಲಿ ಒತ್ತಿ, ಎಡಗೈಯಲ್ಲಿ ಸ್ಲೈಡನ್ನು ಹಿಂದಕ್ಕೆ ಕಿತ್ತಳು. ಕಟಕ್ ಎಂದಿತು. ಮೂವತ್ತು ವರ್ಷ ಹಂಡೆ ಎತ್ತಿದ ಕೈ ಅದು, ಪಿಸ್ತೂಲಿಗೆ ಹೆದರೀತೇ?

"ಭಲೇ!" ಎಂದ ಗಾರ್ಲಂಡ್. "ಮಿಸ್ ನೆಲ್ಡಾ, ನಮ್ ಹಾಲಿಸ್‌ಗಿಂತ ನಿಮ್ ಕೈಯೇ ಗಟ್ಟಿ."

ಹಾಲಿಸ್ ಮಾತು ಬದಲಿಸಿದ. "ರಾತ್ರಿ ನಿದ್ದೆ ಬರುತ್ತಾ ನಿಮಗೆ?"

"ಏನು?"

"ಅಲ್ಲ, ಸುಮ್ನೆ ಕೇಳ್ದೆ. ನಿದ್ದೆಗಣ್ಣಲ್ಲಿ ಪಿಸ್ತೂಲು ಮುಟ್ಟಬಾರ್ದು ಅಂತ."

"ಬರುತ್ತೆ. ಬರೋವಾಗ ಬರುತ್ತೆ," ಎಂದಳು ನೆಲ್ಡಾ. ಅವಳ ತೋರುಬೆರಳು ಕೈಚೀಲದ ಹಿಡಿಕೆಯನ್ನು ಒಮ್ಮೆ ತಟ್ಟಿತು.

"ಊಟ?"

"ಮಾಡ್ತೀನಿ." ಬೆರಳು ಮತ್ತೆ ತಟ್ಟಿತು.

"ತಂಗಿ ಓಪಲ್ ಬಂದು ಹೋಗ್ತಾಳಾ? ಚರ್ಚಿನವರು? ಡಾಕ್ಟರ್ ಹತ್ರ ಹೋಗಿದ್ರಾ? ಚಳಿಗಾಲಕ್ಕೆ ಗ್ಯಾಸ್ ತುಂಬಿಸಿದ್ರಾ? ಟೊಮೆಟೊ ಬೇಯಿಸಿ ಬಾಟಲಿಗೆ ತುಂಬಿಟ್ರಾ ಈ ವರ್ಷ?"

ನೆಲ್ಡಾ ಎಲ್ಲದಕ್ಕೂ ಹೌದು, ಇಲ್ಲ, ಆಯ್ತು ಎಂದು ಒಂದೊಂದೇ ಮಾತಿನಲ್ಲಿ ಉತ್ತರ ಹೇಳಿದಳು. ಬರುವ ಚಳಿಗಾಲಕ್ಕೆಂದು ಟೊಮೆಟೊ ತುಂಬಿಟ್ಟಿರಲಿಲ್ಲ. ಪ್ರತಿ ಪ್ರಶ್ನೆಗೂ ಬೆರಳು ಮಾತ್ರ ಟಕ್ ಟಕ್ ಎಂದು ತಟ್ಟುತ್ತಲೇ ಇತ್ತು. ಆ ಬೆರಳನ್ನು ನೋಡಿ ಹಾಲಿಸನಿಗೆ ಇನ್ನೂ ದಿಗಿಲಾಯಿತು. ಅರ್ಧ ಗಂಟೆ ಕಳೆಯಿತು. ಕೌಂಟರಿನ ಮೇಲೆ ಆರು ಪಿಸ್ತೂಲು ಸಾಲಾಗಿ ಮಲಗಿದವು. ಒಂದರ ಹಿಡಿ ದಪ್ಪವಾಯಿತು, ಇನ್ನೊಂದರ ಟ್ರಿಗರ್ ಬಿಗಿಯಾಯಿತು, ಮತ್ತೊಂದು ಉದ್ದವಾಯಿತು ಎಂದು ಹಾಲಿಸ್ ತಾನೇ ಹುಳುಕು ಹುಡುಕಿ ಹೇಳಿದ. ಅಂಗಡಿಯವನು ತನ್ನ ಸರಕನ್ನೇ ಇಷ್ಟು ಹೀಗಳೆದದ್ದನ್ನು ಸೀಡರ್ ಗ್ಯಾಪ್ ಕಂಡಿರಲಿಲ್ಲ.

"ಏನಯ್ಯಾ ಇದು," ಎಂದು ಗಾರ್ಲಂಡ್ ಸೊಂಟದ ಮೇಲೆ ಕೈಯಿಟ್ಟ. "ಹೆಣ್ಣು ನೋಡೋಕೆ ಬಂದ ಸೋದರಮಾವನ ಥರ ಪ್ರತಿಯೊಂದಕ್ಕೂ ಕೊಂಕು ತೆಗೀತಿದ್ದೀಯಲ್ಲ! ಮಿಸ್ ನೆಲ್ಡಾ, ಯಾವ್ದು ಕೈಗೆ ಹಿತವಾಗಿದೆ ಹೇಳಿ."

"ಇದು," ಎಂದಳು ನೆಲ್ಡಾ. ಬೆರಳು ತೋರಿದ್ದು ನಾಲ್ಕನೆಯದರತ್ತ. ಗಿಡ್ಡ ನಳಿಕೆ, ಕಪ್ಪು ಉಕ್ಕಿನ ಮೈ, ವಾಲ್‌ನಟ್ ಮರದ ಹಿಡಿ. ಡಾಯ್ಲ್ ಕೊಂಡದ್ದು ಇದರದೇ ಜೋಡಿ.

"ಮುಗೀತಲ್ಲ! ಕಣ್ಣು ಅಂದ್ರೆ ಇದಪ್ಪಾ!" ಎಂದು ಗಾರ್ಲಂಡ್ ಸರ್ಕಾರಿ ಫಾರಂ ತಂದು ಅವಳ ಮುಂದೆ ಹರಡಿದ. "ಹೆಸರು, ವಿಳಾಸ, ಹುಟ್ಟಿದ ದಿನ ತುಂಬಿ. ಆಮೇಲೆ ನಿಮ್ ಮೇಲೆ ಕೇಸು ಗೀಸು ಇಲ್ಲ ತಾನೇ ಅಂತ ಕಂಪ್ಯೂಟರಲ್ಲಿ ಒಂದ್ ಸಲ ವಿಚಾರಿಸಿದ್ರೆ ಆಯ್ತು."

ನೆಲ್ಡಾ ಪೆನ್ನು ತೆಗೆದುಕೊಂಡಳು. ಒರೆ ಕೇಳಲಿಲ್ಲ. ಒರೆ ಸಿಕ್ಕಿಸಲು ಸೊಂಟಕ್ಕೆ ಪಟ್ಟಿಯೂ ಇರಲಿಲ್ಲ, ಹಿಗ್ಗುವ ಪ್ಯಾಂಟು. ಎಷ್ಟು ಗುಂಡು ಹಿಡಿಯುತ್ತದೆ ಎಂದೂ ಕೇಳಲಿಲ್ಲ, ಎಲ್ಲಿ ಕಲಿಯಲಿ ಎಂದೂ ಕೇಳಲಿಲ್ಲ. ಹಾಲಿಸನ ಕಣ್ಣ ಮುಂದೆ ಆ ಗುರುವಾರ ಬಂದು ನಿಂತಿತು.

ಅಂದು ಅಂಗಡಿ ತುಂಬ ಜನ. ಡಾಯ್ಲ್ ನಗುನಗುತ್ತ ಬಂದಿದ್ದ. ತಪ್ಪಿಸಿಕೊಂಡ ಮೀನಿನ ಕಥೆಯೊಂದನ್ನು ಹೇಳಿ ಎಲ್ಲರನ್ನೂ ನಗಿಸಿದ್ದ. ಐದೇ ನಿಮಿಷದಲ್ಲಿ ಪಿಸ್ತೂಲು ಆರಿಸಿದ್ದ. ಡಾಯ್ಲ್ ಎಂದರೆ ಪಿಸ್ತೂಲಿಗಿಂತ ಮೊದಲೇ ಒರೆ ಮಾಡಿಸುವ ಆಸಾಮಿ. ಪಕ್ಕದ ಜಿಲ್ಲೆಯ ಚರ್ಮದ ಕೆಲಸದ ಮುದುಕನ ಹತ್ತಿರ ಮೂರು ತಿಂಗಳು ಕಾದು, ಹೊಲಿಗೆ ಓರೆಯಾಯಿತೆಂದು ಜಗಳವಾಡಿ ತರುತ್ತಿದ್ದವನು. ಅವತ್ತು ಅವನು ಒರೆಯ ಸೊಲ್ಲೆತ್ತಲಿಲ್ಲ. ಪಿಸ್ತೂಲಿನ ಡಬ್ಬಿ ಕಂಕುಳಲ್ಲಿಟ್ಟು, "ಬರ್ತೀನಿ ಕಣಪ್ಪ" ಎಂದು ಹಾಲಿಸನ ಭುಜ ತಟ್ಟಿ ಹೋದ. ಹಾಲಿಸ್ ಗಮನಿಸಿರಲಿಲ್ಲ ಎಂದೇನಲ್ಲ. ಗಮನಿಸಿದ್ದ! ಇವನೇನು ಒರೆ ಕೇಳಲಿಲ್ಲವಲ್ಲ ಎಂದು ಬಾಗಿಲು ಮುಚ್ಚುವ ಮುಂಚೆಯೇ ಅನ್ನಿಸಿತ್ತು. ಆದರೆ ಮುಂದೆ ನಾಲ್ಕು ಜನ ಗಿರಾಕಿಗಳಿದ್ದರು. ನಗುತ್ತಿದ್ದವನನ್ನು ಕರೆದು ಏನೆಂದು ಕೇಳುವುದು ಎಂದು ಸುಮ್ಮನಾದ. ಅವನನ್ನು ಏಳು ತಿಂಗಳಿಂದ ತಿನ್ನುತ್ತಿದ್ದದ್ದು ಇದೇ.

ಫಾರಂ ಮೇಲೆ ನೆಲ್ಡಾ ತನ್ನ ಹೆಸರು ಬರೆದಳು. ಗುಂಡುಗುಂಡಾದ, ಸ್ಕೂಲಿನ ಅಡುಗೆಮನೆಯ ಹಲಗೆಯ ಮೇಲೆ ಇವತ್ತಿನ ಊಟ ಏನೆಂದು ಬರೆಯುತ್ತಿದ್ದ ಅದೇ ಅಕ್ಷರ.

"ಕಂಪ್ಯೂಟರ್ ಕೆಟ್ಟಿದೆ," ಎಂದುಬಿಟ್ಟ ಹಾಲಿಸ್. "ಇವತ್ತು ಆಗಲ್ಲ ಮಿಸ್ ನೆಲ್ಡಾ."

"ಯಾವನು ಹೇಳಿದ್ದು?" ಎಂದ ಗಾರ್ಲಂಡ್. "ಈಗ್ತಾನೆ ನಾನೇ ನೋಡಿದ್ನಲ್ಲ, ಕುದುರೆ ಥರ ಓಡ್ತಿದೆ. ನಿನಗೇನಾಗಿದೆಯೋ ಇವತ್ತು? ಮುಖ ಬೇರೆ ಬಿಳುಚ್ಕೊಂಡಿದೆ. ಏನೂ ತಿಂದಿಲ್ಲ ಅನ್ಸುತ್ತೆ. ತಡಿ, ಎದುರುಗಡೆ ಹೋಗಿ ಏನಾದ್ರೂ ತರ್ತೀನಿ. ಮಿಸ್ ನೆಲ್ಡಾ, ನಿಮಗೂ ಒಂದು ತರ್ತೀನಿ, ಬೇಡ ಅನ್ಬೇಡಿ." ಉತ್ತರಕ್ಕೆ ಕಾಯದೆ ಅವನು ಟೋಪಿ ಹಾಕಿಕೊಂಡು ಹೊರಗೆ ಹೋದ.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಹಾಲಿಸ್ ತನ್ನ ಅಂಗೈಯನ್ನು ಫಾರಂ ಮೇಲೆ ಊರಿದ. ಅವಳ ಪೆನ್ನು ಅವನ ಕಿರುಬೆರಳಿಗೆ ತಾಗಿ ನಿಂತಿತು.

"ಕೈ ತೆಗಿ ಹಾಲಿಸ್."

"ತೆಗಿಯಲ್ಲ."

"ನಾನು ಗಿರಾಕಿ. ನನ್ನ ದುಡ್ಡು."

"ಇರ್ಲಿ. ಇನ್ನೊಂದು ಕೇಳೋದಿತ್ತು."

"ಆಗ್ಲೇ ಇಪ್ಪತ್ತಾರಾಯ್ತು," ಎಂದಳು ನೆಲ್ಡಾ.

"ಏನು ಇಪ್ಪತ್ತಾರು?"

"ನೀನು ಇವತ್ತು ನನ್ನ ಕೇಳಿದ ಪ್ರಶ್ನೆ. ನಿದ್ದೆ, ಊಟ, ತಂಗಿ, ಡಾಕ್ಟರು, ಗ್ಯಾಸ್, ಟೊಮೆಟೊ. ಲೆಕ್ಕ ಇಟ್ಟಿದೀನಿ." ಅವಳ ದನಿ ಏರಲಿಲ್ಲ. ಏರಿದ್ದರೆ ಹಾಲಿಸನಿಗೆ ಎಷ್ಟೋ ವಾಸಿಯಾಗುತ್ತಿತ್ತು. "ಡಾಯ್ಲ್‌ನ ಎಷ್ಟು ಕೇಳಿದೆ?"

ಹೊರಗೆ ಮರದ ಲಾರಿಯೊಂದು ಕಿಟಕಿಯ ಗಾಜು ಅದುರಿಸಿಕೊಂಡು ಹೋಯಿತು.

"ಒಂದೂ ಇಲ್ಲ," ಎಂದ ಹಾಲಿಸ್.

"ಅವನು ಒರೆ ಕೇಳಿದ್ನಾ?"

ಇಲ್ಲಿ ಒಂದು ಸುಳ್ಳು ಸುಲಭವಾಗಿ ಕೈಗೆಟುಕುವ ಹಾಗಿತ್ತು. ಹೌದು, ಕೇಳಿದ, ಆ ಮುದುಕನ ಹತ್ತಿರ ಮಾಡಿಸುತ್ತೇನೆಂದ ಎಂದುಬಿಟ್ಟರೆ ಊರು ಹೇಳಿದ್ದೇ ನಿಜವಾಗುತ್ತಿತ್ತು. ಅವಳಿಗೂ ನೆಮ್ಮದಿ, ಇವನಿಗೂ ನೆಮ್ಮದಿ. ಹಾಲಿಸನ ನಾಲಿಗೆಯ ತುದಿಯವರೆಗೂ ಅದು ಬಂತು.

"ಮನೆಯೆಲ್ಲ ಹುಡುಕ್ದೆ," ಎಂದಳು ನೆಲ್ಡಾ. "ಕಪಾಟು, ಶೆಡ್ಡು, ಗಾಡಿ. ಆ ಮುದುಕನಿಗೂ ಫೋನ್ ಮಾಡ್ದೆ. ಇಲ್ಲಮ್ಮ, ಈ ವರ್ಷ ಡಾಯ್ಲ್ ಬಂದೇ ಇಲ್ಲ ಅಂದ. ಆದ್ರೂ ನಿನ್ ಬಾಯಿಂದ ಕೇಳ್ಬೇಕು."

"ಕೇಳಲಿಲ್ಲ," ಎಂದ ಹಾಲಿಸ್. "ಅವನು ಕೇಳಲಿಲ್ಲ. ನಾನು ಗಮನಿಸ್ದೆ ಮಿಸ್ ನೆಲ್ಡಾ. ನೋಡಿಯೂ ಬಾಯಿ ಬಿಡಲಿಲ್ಲ. ಅಂಗಡೀಲಿ ಜನ ಇದ್ರು. ಅವನು ನಗ್ತಿದ್ದ." ಏಳು ತಿಂಗಳು ಯಾರ ಮುಂದೆಯೂ ಆಡದ ಮಾತು, ಆಡಲೇಬಾರದವಳ ಮುಂದೆ ಆಡಿಬಿಟ್ಟಿದ್ದ.

ನೆಲ್ಡಾ ಅವನನ್ನೇ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡ. ಹೊಡೆಯಲಿ ಎಂದೂ ಅಂದುಕೊಂಡ. ಅವಳು ಪೆನ್ನು ಕೆಳಗಿಟ್ಟಳು, ಅಷ್ಟೆ.

ಇನ್ನು ಕೇಳದಿದ್ದರೆ ಎಂದಿಗೂ ಕೇಳುವುದಿಲ್ಲ ಎಂದು ಹಾಲಿಸನಿಗೆ ಗೊತ್ತಾಯಿತು. ಮರ್ಯಾದೆ ಹಾಳಾಗಿ ಹೋಗಲಿ.

"ಮಿಸ್ ನೆಲ್ಡಾ, ನಿಮಗೆ ಸಾಯೋ ಯೋಚನೆ ಬಂದಿದೆಯಾ? ನಿಮ್ ಕೈಯಾರೆ?"

"ಇಪ್ಪತ್ತೇಳು," ಎಂದಳು ನೆಲ್ಡಾ. ಆಮೇಲೆ ಅವಳ ಗಲ್ಲ ಅದುರಿತು. "ಬಂದಿದೆ. ಈ ಊರಲ್ಲಿ ಒಬ್ಬರಾದ್ರೂ ಇದನ್ನ ಕೇಳಿದ್ರೆ ನೋಡು! ಎಲ್ಲರೂ ಬರ್ತಾರೆ, ಪುಡಿಂಗ್ ಇಟ್ಟು ಹೋಗ್ತಾರೆ. ಕೈತಪ್ಪಿ ಹಾರ್ತಂತೆ, ಪಾಪ, ಎಂಥಾ ಗ್ರಹಚಾರ ಅಂತಾರೆ. ನಾನೂ ಹೂಂ ಅಂತ ತಲೆಯಾಡಿಸ್ತೀನಿ. ತಲೆಯಾಡಿಸೀ ಆಡಿಸೀ ಕತ್ತು ನೋಯ್ತಿದೆ ಕಣೋ."

ಅವಳು ಕೈಚೀಲದ ಜಿಪ್ಪು ಎಳೆದಳು. ಒಳಗೆ ಬೈಬಲ್ ಇರಲಿಲ್ಲ. ಶೆರಿಫನ ಕಚೇರಿಯ ಮುದ್ರೆಯಿದ್ದ ಕಂದು ಕಾಗದದ ಪೊಟ್ಟಣ ಇತ್ತು. ಅದನ್ನು ಬಿಚ್ಚಿ, ವಾಲ್‌ನಟ್ ಹಿಡಿಯ ಕಪ್ಪು ಪಿಸ್ತೂಲನ್ನು ಅವಳು ಅದರ ಜೋಡಿಯ ಪಕ್ಕದಲ್ಲೇ ಇಟ್ಟಳು. ಪಕ್ಕಕ್ಕೆ ಗುಂಡು ತುಂಬಿದ ಮ್ಯಾಗಜೀನನ್ನೂ ಇಟ್ಟಳು.

ಅರ್ಧ ಗಂಟೆಯಿಂದ ಇವಳ ಕೈಗೆ ಪಿಸ್ತೂಲು ಸಿಗದಿರಲೆಂದು ಅವನು ಪಟ್ಟ ಪಾಡೇನು, ಆಡಿದ ನಾಟಕವೇನು! ಅದು ಮೊದಲಿಂದಲೂ ಅವಳ ಎದೆಯ ಮುಂದೆಯೇ ಇತ್ತು.

"ಮೂರು ವಾರದ ಹಿಂದೆ ವಾಪಸ್ ಕೊಟ್ರು," ಎಂದಳು. "ಅಡುಗೆಮನೆ ಡ್ರಾಯರಲ್ಲಿ ಇಟ್ಟಿದ್ದೆ. ಇವತ್ತು ನೀನು ಏನೂ ಕೇಳದೆ ಮಾರಿಬಿಟ್ಟಿದ್ರೆ, ಹೀಗೇ ಅವನಿಗೂ ಮಾರಿದೆ ಅಂತ ಗೊತ್ತಾಗ್ತಿತ್ತು. ಆ ಹೊಸದನ್ನ ಇಲ್ಲೇ ಬಿಟ್ಟು, ಇದನ್ನ ತಗೊಂಡು ಮನೆಗೆ ಹೋಗ್ತಿದ್ದೆ. ಹೆದರ್ಬೇಡ. ಖಾಲಿ ಇದೆ. ಗುಂಡೆಲ್ಲ ಆ ಮ್ಯಾಗಜೀನಲ್ಲಿದೆ, ಅದನ್ನ ತೆಗ್ದಿದೀನಲ್ಲ."

ಹಾಲಿಸ್ ಪಿಸ್ತೂಲನ್ನು ಎತ್ತಿಕೊಂಡ. ನಳಿಕೆಯನ್ನು ಗೋಡೆಯ ಮೂಲೆಯಲ್ಲಿ ಇದಕ್ಕೆಂದೇ ಇಟ್ಟಿದ್ದ ಮರಳ ಡಬ್ಬಿಯತ್ತ ತಿರುಗಿಸಿ ಸ್ಲೈಡನ್ನು ಹಿಂದಕ್ಕೆಳೆದ. ಹಿತ್ತಾಳೆಯ ಗುಂಡೊಂದು ಗೂಡಿನಿಂದ ಚಿಮ್ಮಿ, ಗಾಜಿನ ಮೇಲೆ ಟಣ್ ಎಂದು ಬಿದ್ದು, ಉರುಳಿ, ಫಾರಂ ಮೇಲೆ ಅವಳ ಹೆಸರಿನ ಹತ್ತಿರ ನಿಂತಿತು.

ಇಬ್ಬರೂ ಅದನ್ನೇ ನೋಡಿದರು. ಮ್ಯಾಗಜೀನು ತೆಗೆದರೆ ಪಿಸ್ತೂಲು ಖಾಲಿ ಎಂದುಕೊಳ್ಳುವವರು ಈ ಸೀಮೆಯಲ್ಲಿ ಬೇಕಾದಷ್ಟು ಜನ. ಸ್ಲೈಡು ಎಳೆದಾಗಲೇ ಗೂಡಿಗೆ ಏರಿದ ಗುಂಡೊಂದು ಒಳಗೆ ಉಳಿದಿರುತ್ತದೆ.

"ಇದನ್ನ ಒಳಗೆ ಹಾಕಿದ್ಯಾರು?" ಎಂದು ಹಾಲಿಸ್ ಮೆಲ್ಲಗೆ ಕೇಳಿದ.

"ನಾನೇ. ಭಾನುವಾರ. ಚರ್ಚಿಂದ ಬಂದ್ಮೇಲೆ." ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ಸ್ಲೈಡು ಒಂದು ಸಲ ಎಳ್ದೆ. ಆಮೇಲೆ ಭಯ ಆಗಿ ಮ್ಯಾಗಜೀನ್ ಕಿತ್ತುಬಿಟ್ಟೆ. ಖಾಲಿಯಾಯ್ತು ಅಂದ್ಕೊಂಡೆ. ಎರಡು ದಿನ ಹೀಗೇ ಹೊತ್ಕೊಂಡು ತಿರುಗಿದೀನಾ? ಅಂಗಡಿಗೆ, ಅಂಚೆ ಆಫೀಸಿಗೆ?" ತಟ್ಟನೆ ಅವಳು ತಲೆಯೆತ್ತಿದಳು. ಕಣ್ಣಲ್ಲಿ ಏನೋ ಹೊತ್ತಿಕೊಂಡಿತ್ತು. "ಹಾಲಿಸ್. ಹಾಗಾದ್ರೆ ಡಾಯ್ಲ್‌ಗೂ ಹೀಗೇ ಆಗಿರಬಹುದಲ್ವಾ? ಖಾಲಿ ಅಂದ್ಕೊಂಡು? ಒಳಗೊಂದು ಉಳ್ಕೊಂಡು?"

ಆ ಮುಖ ನೋಡಲಾಗದೆ ಹಾಲಿಸ್ ಗುಂಡನ್ನು ನೋಡಿದ. ಹೂಂ ಎಂದರೆ ಸಾಕು, ಅವಳು ಅದನ್ನು ಎದೆಗವಚಿಕೊಂಡು ಬದುಕುತ್ತಾಳೆ ಎನ್ನಿಸಿತು. ಬದುಕುತ್ತಾಳೋ, ಇನ್ನೂ ಏಳು ತಿಂಗಳು ತಲೆಯಾಡಿಸುತ್ತ ಕೂರುತ್ತಾಳೋ?

"ಡಾಯ್ಲ್ ಕಿರುಬೆರಳು ಹಾಕಿ ನೋಡ್ತಿದ್ದ," ಎಂದ. "ಎರಡು ಸಲ."

ನೆಲ್ಡಾ ಕಣ್ಣು ಮುಚ್ಚಿದಳು. "ಹೌದು. ಎರಡು ಸಲ. ನನಗೂ ಗೊತ್ತು." ಆಮೇಲೆ ಅವಳು ಅತ್ತಳು. ಚರ್ಚಿನಲ್ಲಿ ಕರವಸ್ತ್ರ ಹಿಡಿದು ಅತ್ತ ಹಾಗಲ್ಲ. ಬಾಯಿ ತೆರೆದು, ಕೋಟಿನ ತೋಳಿಗೆ ಮೂಗೊರೆಸಿಕೊಂಡು, ಡಾಯ್ಲ್‌ನನ್ನು ಬಾಯಿಗೆ ಬಂದಂತೆ ಬೈದುಕೊಂಡು ಅತ್ತಳು. ಹಾಲಿಸನೂ ಅತ್ತ. ಕೌಂಟರಿನ ಆಚೆ ಒಬ್ಬರು, ಈಚೆ ಒಬ್ಬರು, ನಡುವೆ ಏಳು ಪಿಸ್ತೂಲು.

ಅಳು ಇಳಿದ ಮೇಲೆ ಅವಳೇ ಹೇಳಿದಳು. "ಇದನ್ನ ನಿನ್ ಪೆಟ್ಟಿಗೇಲಿ ಇಡು. ನಾನು ಬಂದು ಕೇಳಿದ್ರೂ ಕೊಡ್ಬೇಡ."

"ಕೊಡಲ್ಲ."

"ಅತ್ತು ಕೇಳಿದ್ರೂ?"

"ಅತ್ತು ಕೇಳಿದ್ರೂ."

ಹಾಲಿಸ್ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆಗೆದು ಅದನ್ನೂ ಮ್ಯಾಗಜೀನನ್ನೂ ತೀರಾ ಒಳಗಿನ ಮೂಲೆಗೆ ತಳ್ಳಿ ಬೀಗ ಹಾಕಿದ. ಬೀಗ ಬಿತ್ತೇ ಎಂದು ಎರಡು ಸಲ ಎಳೆದು ನೋಡಿದ. ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಒಂದು ಪಿಸ್ತೂಲಿಗೆ ಬೀಗ ಹಾಕಿದರೆ ಆಯಿತೇ? ಹನ್ನೆರಡು ಮೈಲಿ ಆಚೆಯ ಅಂಗಡಿಗೆ ಯಾರು ಬೀಗ ಹಾಕುತ್ತಾರೆ? ಬೆಟ್ಟದ ಮೇಲಿನ ಆ ಮನೆಗೆ, ಭಾನುವಾರದ ಆ ಮಧ್ಯಾಹ್ನಕ್ಕೆ?

ನೆಲ್ಡಾ ಖಾಲಿಯಾದ ಕೈಚೀಲವನ್ನು ಎತ್ತಿ ತೋಳಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟಳು. ಬಾಗಿಲಲ್ಲಿ ನಿಂತಳು.

"ನಿನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ ಹಾಲಿಸ್. ಗಮನಿಸಿಯೂ ಸುಮ್ನಿದ್ಯಲ್ಲ. ನಿನಗೆ ಬೈಯೋದು ಬೇಕಾದಷ್ಟಿದೆ. ಇವತ್ತು ಶಕ್ತಿ ಇಲ್ಲ."

"ಬೈಯಿರಿ," ಎಂದು ಹಾಲಿಸ್ ಕೌಂಟರಿನ ಹಲಗೆ ಎತ್ತಿ ಈಚೆಗೆ ಬಂದ. ಅವಳನ್ನು ಬಾಗಿಲು ದಾಟಲು ಬಿಟ್ಟರೆ ತನ್ನ ಜೀವವೇ ಹೋಗುತ್ತದೆ ಎನ್ನುವಂತಿತ್ತು ಅವನಿಗೆ. "ನಿಮ್ಮನ್ನ ಒಬ್ರನ್ನೇ ಕಳ್ಸಲ್ಲ. ಮೊದ್ಲು ಓಪಲ್ ಮನೆಗೆ ಹೋಗೋಣ, ಅವಳನ್ನ ಕರ್ಕೊಳ್ಳೋಣ. ಆಮೇಲೆ ಮೂರೂ ಜನ ಡಾಕ್ಟರ್ ಹತ್ರ. ಅಲ್ಲೂ ಇದನ್ನೇ ಹೇಳಿ, ಇದ್ದದ್ದು ಇದ್ದ ಹಾಗೆ. ನಾನೂ ಕೂತಿರ್ತೀನಿ."

"ನಿನ್ ಕೆಲಸ?"

ಅಷ್ಟರಲ್ಲಿ ಗಾರ್ಲಂಡ್ ಎಣ್ಣೆ ಜಿನುಗುವ ಮೂರು ಪೊಟ್ಟಣ ಹಿಡಿದು ಒಳಗೆ ಬಂದ. ಇಬ್ಬರ ಕೆಂಪು ಕಣ್ಣು ನೋಡಿದ, ಕೌಂಟರಿನ ಮೇಲಿದ್ದ ಅರ್ಧ ತುಂಬಿದ ಫಾರಂ ನೋಡಿದ, ಅದರ ಮೇಲೆ ನಿಂತಿದ್ದ ಒಂಟಿ ಗುಂಡನ್ನು ನೋಡಿದ. ಎರಡು ಪೊಟ್ಟಣಗಳನ್ನು ಹಾಲಿಸನ ಕೈಗೆ ಕೊಟ್ಟು, "ಬಿಸಿ ಇರೋವಾಗ್ಲೇ ತಿನ್ನಿ," ಎಂದಷ್ಟೇ ಹೇಳಿ ದಾರಿ ಬಿಟ್ಟ.

ಹಾಲಿಸ್ ಕಾರಿನ ಕೀಲಿಗಾಗಿ ಕೈ ಚಾಚಿದ. ನೆಲ್ಡಾ ಕೊಟ್ಟಳು. ಅವಳು ಪಕ್ಕದ ಸೀಟಿನಲ್ಲಿ ಕೂತು, ಸೀಟ್ ಬೆಲ್ಟ್ ಎಳೆದುಕೊಂಡು, ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಾರು ಮುಖ್ಯ ರಸ್ತೆಗೆ ತಿರುಗಿತು. ಹಾಲಿಸ್ ಕ್ಷಣಕ್ಕೊಮ್ಮೆ ಓರೆಗಣ್ಣಿನಿಂದ ಅವಳ ಕೈ ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದ.

"ಆ ಸೌದೆ ನೀನೇ ತಂದಿಡ್ತಿದ್ದದ್ದಲ್ವಾ?" ಎಂದಳು ನೆಲ್ಡಾ.

"ಹೌದು."

"ಕಳ್ಳನ ಥರ ಬಂದು ಇಟ್ಟು ಹೋಗ್ತಿದ್ದೆ. ಬಾಗಿಲು ತಟ್ಟೋಕೆ ಏನಾಗಿತ್ತು ನಿನಗೆ? ನಲವತ್ತು ವರ್ಷ ನನ್ ಮನೇಲಿ ಉಂಡವನು, ಹೇಡಿ!"

"ಹೌದು ಮಿಸ್ ನೆಲ್ಡಾ."

"ಹೌದು ಮಿಸ್ ನೆಲ್ಡಾ ಅಂತೆ! ಮಾತಾಡ್ಬೇಡ. ನಂದಿನ್ನೂ ಮುಗಿದಿಲ್ಲ," ಎಂದು ಅವಳು ಪೊಟ್ಟಣ ಬಿಚ್ಚಿ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಅದನ್ನು ನುಂಗಿ ಮತ್ತೆ ಬೈಯಲು ಶುರು ಮಾಡಿದಳು.

ಹಾಲಿಸ್ ಕಾರನ್ನು ಇನ್ನಷ್ಟು ನಿಧಾನ ಮಾಡಿದ.